ತಿಳೀತಿಲ್ಲೋ?

ನಮ್ಮ ಉತ್ತರ ಕರ್ನಾಟಕದ ಮನಗೂಳಿಯ ಕಟ್ಟೆಯ ಮೇಲೆ ಕುಳಿತು ಕತೆ ಹೇಳುವವನು ಮಾತುಮಾತಿಗೆ ‘ತಿಳೀತಿಲ್ಲೋ?’ ಅಂದರೆ ಕೇಳುವವರು ಧೋತರ ಕೊಡವಿ ಏಳುತ್ತಾರೆ. ಕಾದಂಬರಿಯ ಓದುಗನೂ ಹಾಗೇ ಎದ್ದು ಹೋಗುತ್ತಾನೆ, ಸದ್ದಾಗುವುದಿಲ್ಲ, ಅಷ್ಟೆ.

ಓದುಗನನ್ನು ಓಡಿಸುವುದು ಆಡುನುಡಿ ಎಂಬ ದೂರು ಹಳೆಯದು. ರಾವಬಹಾದ್ದೂರರ ‘ಗ್ರಾಮಾಯಣ’ದ ಬಗ್ಗೆ ಮೈಸೂರು ಕಡೆಯ ಗೆಳೆಯನೊಬ್ಬ ಇದನ್ನೇ ಹೇಳಿದಾಗ ನಕ್ಕಿದ್ದೆ. ನಮ್ಮ ಕಡೆಯವರಿಗೆ ಆ ನುಡಿ ಮನೆಮಾತು. ಆ ಕಾದಂಬರಿಯಲ್ಲಿ ನಾಯಕನಿಲ್ಲ, ಊರಿಗೆ ಊರೇ ಕೆಡುತ್ತ ಹೋಗುತ್ತದೆ, ತಪ್ಪು ಯಾರದೆಂದು ಲೇಖಕರು ಪಂಚಾಯಿತಿಗೆ ಕೂರುವುದಿಲ್ಲ.

ಆದರೆ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಕೈಗೆ ಬಂದಾಗ ನಾನೇ ಆ ಗೆಳೆಯನಾದೆ. ನಂಜನಗೂಡು ಸೀಮೆಯ ನುಡಿ ಬಾಯಿಗೆ ಹತ್ತಲಿಲ್ಲ. ಇಪ್ಪತ್ತು ಪುಟಕ್ಕೆ ಮುಚ್ಚಿಟ್ಟೆ. ವರ್ಷದ ಮೇಲೆ ಮತ್ತೆ ತೆಗೆದು, ಈ ಸಲ ಗಟ್ಟಿಯಾಗಿ ಓದಿದೆ. ದೀಪದ ಕುಡಿಗಳು ಜೋತಮ್ಮರಾಗಿ ಕೂಡಿ ಹರಟುತ್ತವೆ, ಮಂಚಕ್ಕೂ ಬಾಯಿ ಬರುತ್ತದೆ. ನಮ್ಮಜ್ಜಿಯ ಹೊರಸು ಏನೇನು ಕಂಡಿರಬೇಕು ಅನ್ನಿಸಿತು. ಅರ್ಥವಾಗದ ಪದಗಳು ಹಾಗೇ ಉಳಿದವು, ಓದು ಮಾತ್ರ ನಿಲ್ಲಲಿಲ್ಲ.

ಎಸ್.ಎಲ್. ಭೈರಪ್ಪನವರ ‘ಆವರಣ’ (2007) ಇದಕ್ಕೆ ತದ್ವಿರುದ್ಧ. ಭಾಷೆ ನೀರಿನಷ್ಟು ಸಲೀಸು. ಅಚ್ಚಿನ ಮೇಲೆ ಅಚ್ಚು ಕಂಡ ಪುಸ್ತಕ. ನಾಯಕಿಯೇ ಒಂದು ಕಾದಂಬರಿ ಬರೆಯುತ್ತಾಳೆ, ಅದಕ್ಕೆ ಆಧಾರವಾದ ಗ್ರಂಥಗಳ ಪಟ್ಟಿಯೂ ಕತೆಯೊಳಗೇ ಬರುತ್ತದೆ. ಇತಿಹಾಸದ ಬಗ್ಗೆ ಭೈರಪ್ಪನವರ ವಾದ ಒಪ್ಪುವುದು ಬಿಡುವುದು ಬೇರೆ ಮಾತು. ಪಾತ್ರಗಳು ಬಾಯಿ ತೆರೆದಾಗಲೆಲ್ಲ ಹಿಂದೆ ವಕೀಲರೊಬ್ಬರು ಕಡತ ಬಿಚ್ಚಿ ನಿಂತಂತೆ ಕಾಣುತ್ತದೆ. ಎದುರು ಮಾತಾಡುವವನು ಸೋಲಲೆಂದೇ ಬಂದವನೆಂದು ಮೊದಲೇ ಗೊತ್ತಾದರೆ ಓದುಗನಿಗೆ ಉಳಿಯುವ ಕೆಲಸವೇನು?

ಇದೇ ಭೈರಪ್ಪನವರು 1970ರ ‘ಗೃಹಭಂಗ’ದಲ್ಲಿ ಹೀಗಿರಲಿಲ್ಲ. ಗಂಡನ ಶಾನುಭೋಗಿಕೆಯ (ನಮ್ಮ ಕಡೆ ಕುಲಕರ್ಣಿಕಿ) ಲೆಕ್ಕ ತಾನೇ ಬರೆದು ಮನೆ ನಡೆಸುವ ನಂಜಮ್ಮ, ಬೆಳೆದ ಮಗಳನ್ನೂ ಮಗನನ್ನೂ ಒಬ್ಬರ ಹಿಂದೊಬ್ಬರಂತೆ ಪ್ಲೇಗಿಗೆ ಕೊಡುತ್ತಾಳೆ. ಅಲ್ಲಿ ಲೇಖಕರು ಅಳುವುದೂ ಇಲ್ಲ, ಅಳಿರೆಂದು ಹೇಳುವುದೂ ಇಲ್ಲ. ಲೆಕ್ಕ ಬರೆದಷ್ಟೇ ಒಣವಾಗಿ ಹೇಳಿ ಮುಂದೆ ಹೋಗುತ್ತಾರೆ. ಅಳು ನಮ್ಮ ಪಾಲಿಗೆ ಬರುತ್ತದೆ.

ಭೈರಪ್ಪನವರನ್ನು ಮೊದಲ ಸಲ ಓದುತ್ತೇನೆ ಎಂದವರ ಕೈಗೆ ನಾನು ‘ಗೃಹಭಂಗ’ ಇಡುತ್ತೇನೆ. ‘ಕುಸುಮಬಾಲೆ’ ಕೇಳಿದವರಿಗೆ ಒಂದೇ ಮಾತು: ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿರಿ.