ಕೆ. ವಿ. ಅಯ್ಯರವರ ಸಾಹಿತ್ಯವ್ಯವಸಾಯ

ಹಂಸಭಾವಿಯ ಸುತ್ತಣ ಸೀಮೆಯಲ್ಲಿ ಮೈಕಸುವಿಗೆ ಮನ್ನಣೆಯಿಲ್ಲವೆಂದು ಯಾರೂ ಹೇಳರು. ಜಾತ್ರೆಯ ಕುಸ್ತಿಯ ಕಣಕ್ಕೂ ದೀಪಾವಳಿಯ ಕಾಲದ ಹೋರಿ ಹಬ್ಬಕ್ಕೂ ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರುಗಳ ತರುಣರು ಸಡಗರದಿಂದ ನೆರೆಯುತ್ತಾರೆ. ಅಕ್ಷರಕ್ಕೂ ಇಲ್ಲಿ ಕೊರತೆಯಿಲ್ಲ. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿರುವ ಅಬಲೂರು ಇದೇ ಹಿರೇಕೆರೂರು ತಾಲೂಕಿನದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಗರಡಿಮನೆಗೂ ಗ್ರಂಥಾಲಯಕ್ಕೂ ಹೋಗಿಬರುವ ದಾರಿ ಸವೆದಂತೆ ತೋರುವುದಿಲ್ಲ. ಸಾಮು ಮಾಡುವ ಹುಡುಗನು ಓದಿನಲ್ಲಿ ಹಿಂದೆ ಬಿದ್ದಾನೆಂದು ತಾಯಿತಂದೆಗಳು ಅಂಜುತ್ತಾರೆ. ಗರಡಿಯವನು ಗ್ರಂಥ ಬರೆದನೆಂದರೆ ವಿದ್ವಾಂಸರು ಮುಗುಳುನಗುತ್ತಾರೆ. ಈ ಅಂಜಿಕೆಗೂ ಆ ನಗೆಗೂ ಒಮ್ಮೆಗೇ ಉತ್ತರ ಕೊಡಬಲ್ಲ ಲೇಖಕನೊಬ್ಬನು ಕನ್ನಡದಲ್ಲಿ ಆಗಿಹೋಗಿದ್ದಾನೆ. 1980ರಲ್ಲಿ ತೀರಿಕೊಂಡ ಕೋಲಾರದ ವೆಂಕಟೇಶ ಅಯ್ಯರವರೇ ಆ ಮಹನೀಯರು.

ಅಯ್ಯರವರ ಕಸುಬು ವ್ಯಾಯಾಮ. ಸಾಹಿತ್ಯವು ಅವರಿಗೆ ಒಲವಿನ ಹವ್ಯಾಸ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಎಂಬ ಗ್ರೀಕ್ ವೀರನ ಹೆಸರಿನಿಂದ ವ್ಯಾಯಾಮಶಾಲೆಯನ್ನು ಸ್ಥಾಪಿಸಿ ಅವರು ಅನೇಕ ತರುಣರನ್ನು ತಿದ್ದಿದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆಯೂ ಅವರಿಗೆ ದೊರೆಯಿತು. ಪ್ರಷ್ಯದ ಮಲ್ಲ ಯೂಜಿನ್ ಸ್ಯಾಂಡೋ 1904-05ರಲ್ಲಿ ಹಿಂದುಸ್ಥಾನದಲ್ಲಿ ಸಂಚರಿಸಿ ಪ್ರದರ್ಶನಗಳನ್ನು ಕೊಟ್ಟು ಹೋದ ತರುವಾಯ ಈ ದೇಶದ ತರುಣರಲ್ಲಿ ದೇಹದಾರ್ಢ್ಯದ ಹಂಬಲವು ಹೊಸದಾಗಿ ಮೊಳೆತಿತ್ತು. ಮುಂಬಯಿ ಇಲಾಖೆಯ ಸೀಮೆಯಲ್ಲಿ ಔಂಧ ಸಂಸ್ಥಾನದ ದೊರೆ ಭವಾನರಾವ್ ಪಂತ ಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಲು ಹೆಣಗುತ್ತಿದ್ದರು. ಅಯ್ಯರವರು ಈ ಎರಡು ಪ್ರವಾಹಗಳನ್ನೂ ಕೂಡಿಸಿದರು. ಪಾಶ್ಚಾತ್ಯರ ಭಾರ ಎತ್ತುವ ಕ್ರಮವನ್ನೂ ನಮ್ಮ ಹಠಯೋಗದ ಆಸನಗಳನ್ನೂ ಒಂದೇ ಶಿಸ್ತಿಗೆ ತಂದುದು ಅವರ ಪದ್ಧತಿಯ ವೈಶಿಷ್ಟ್ಯ.

1930ರಲ್ಲಿ ಪ್ರಕಟವಾದ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಈ ಪದ್ಧತಿಯ ಉಪದೇಶವಿದೆ. ಅದರಲ್ಲಿ ತೋರುವ ಅಯ್ಯರವರು ಸಂದೇಹವನ್ನೇ ಅರಿಯದ ಮನುಷ್ಯರು. ಮನಸ್ಸು ಮಾಡಿದರೆ ಯಾವ ದುರ್ಬಲನೂ ದೇಹವನ್ನು ಶಿಲ್ಪದಂತೆ ಕಡೆದುಕೊಳ್ಳಬಹುದು. ಹಾಗೆ ಕಡೆದ ದೇಹವು ನೋಡುವವರ ಕಣ್ಣಿಗೂ ಹಬ್ಬ, ಆತ್ಮಕ್ಕೂ ಆರೋಗ್ಯ ಎಂಬುದೇ ಅಲ್ಲಿಯ ಧೋರಣೆ. ತಮ್ಮ ದೇಹವನ್ನೇ ಅವರು ಇದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರು. ಬೋಧಕನಿಗೆ ಇಂಥ ಧೈರ್ಯವು ಅವಶ್ಯ. ಆದರೆ ಧೈರ್ಯದ ಮಾತೊಂದರಿಂದಲೇ ಸಾಹಿತ್ಯವು ಹುಟ್ಟುವುದಿಲ್ಲ. ಅಯ್ಯರವರು ಇಷ್ಟಕ್ಕೇ ನಿಂತಿದ್ದರೆ ಅವರ ಹೆಸರು ವ್ಯಾಯಾಮದ ಚರಿತ್ರೆಯಲ್ಲಿ ಮಾತ್ರ ಉಳಿಯುತ್ತಿತ್ತು.

ಅವರನ್ನು ಕನ್ನಡದ ಕಡೆಗೆ ಎಳೆದ ಶಕ್ತಿಗಳಲ್ಲಿ ತ್ಯಾಗರಾಜ ಪರಮಶಿವ ಕೈಲಾಸಂ ಅವರ ಸ್ನೇಹವನ್ನು ಮೊದಲು ಹೇಳಬೇಕು. 1946ರಲ್ಲಿ ತೀರಿಕೊಂಡ ಆ ನಾಟಕಕಾರರು ತಾವು ಕುಳಿತು ಬರೆದುದಕ್ಕಿಂತ ಆಪ್ತರೆದುರು ಆಡಿ ಬರೆಯಿಸಿದುದೇ ಹೆಚ್ಚು. ಅಂಥವರ ಸಹವಾಸದಲ್ಲಿ ಅಯ್ಯರವರು ಮಾತಿನ ಹದವನ್ನೂ ಪಾತ್ರಗಳ ಮರ್ಮವನ್ನೂ ಕಿವಿಯಿಂದಲೇ ಕಲಿತಿರಬೇಕು. ಗೆಳೆಯನ ನೆನಪಿಗಾಗಿ ಅವರು ಬರೆದ ‘ಕೈಲಾಸಂ ಸ್ಮರಣೆ’ ಆ ಋಣವನ್ನು ತೀರಿಸುವ ಗ್ರಂಥ. ಕೈಲಾಸಂ ಅವರ ಮನಸ್ಸು ಏಕಲವ್ಯ, ಕರ್ಣರಂಥ ವೀರರ ಕಡೆಗೆ ಮತ್ತೆ ಮತ್ತೆ ಹರಿದುದನ್ನು ವಾಚಕರು ಬಲ್ಲರು: ಒಬ್ಬನು ಹೆಬ್ಬೆರಳನ್ನು ಕೊಟ್ಟವನು, ಇನ್ನೊಬ್ಬನು ಮೈಗಂಟಿದ ಕವಚವನ್ನು ಕೊಟ್ಟವನು. ಗಳಿಸಿದ ಬಲವನ್ನು ಕೊಟ್ಟುಬಿಡುವುದರಲ್ಲಿ ವೀರನ ಹಿರಿಮೆಯಿದೆ ಎಂಬ ಈ ಭಾವವು ಅಯ್ಯರವರ ಕಾದಂಬರಿಗಳಲ್ಲಿ ಬೇರೊಂದು ರೂಪದಿಂದ ಕಾಣಿಸಿಕೊಳ್ಳುತ್ತದೆ.

‘ರೂಪದರ್ಶಿ’ಯ ಬೀಜವು ಯುರೋಪಿನಲ್ಲಿ ಬಹುಕಾಲದಿಂದ ಹರಿದಾಡಿದ ಒಂದು ಕಿರುಗಥೆ. ಚಿತ್ರಕಾರನೊಬ್ಬನು ಯೇಸುವಿನ ಮುಖಕ್ಕಾಗಿ ನಿರ್ಮಲವಾದ ರೂಪವೊಂದನ್ನು ಹುಡುಕಿ ಪಡೆಯುತ್ತಾನೆ. ಬಹಳ ವರ್ಷಗಳಾದ ಮೇಲೆ ದ್ರೋಹಿಯಾದ ಜೂದನ ಮುಖಕ್ಕಾಗಿ ಅಲೆದು, ಪತಿತನೊಬ್ಬನನ್ನು ಕರೆತಂದು ಕೂರಿಸುತ್ತಾನೆ. ಇಬ್ಬರೂ ಒಬ್ಬನೇ ಎಂಬುದು ಆಗ ಹೊರಪಡುತ್ತದೆ. ಸಾಮಾನ್ಯವಾಗಿ ಈ ಕಥೆಯನ್ನು ಲಿಯೊನಾರ್ಡೊ ಡ ವಿಂಚಿಯು ಮಿಲಾನ್ ನಗರದಲ್ಲಿ ಬರೆದ ಕಡೆಯ ಭೋಜನದ ಚಿತ್ರಕ್ಕೆ ಅಂಟಿಸುವುದು ವಾಡಿಕೆ. ಅಯ್ಯರವರು ಅದನ್ನು ಫ್ಲಾರೆನ್ಸಿಗೂ ಮೈಕೆಲೇಂಜೆಲೋವಿಗೂ ತಂದರು. ಯೇಸುವನ್ನು ಬಾಲಕನನ್ನಾಗಿ ಮಾಡಿದರು.

ಈ ಮಾರ್ಪಾಟಿನಲ್ಲಿ ಗ್ರಂಥಕರ್ತನ ಅಂತರಂಗವು ಹೊರಬಿದ್ದಿದೆ. ಮೈಕೆಲೇಂಜೆಲೋ ಮನುಷ್ಯದೇಹದ ಉಪಾಸಕ. ಶವಗಳನ್ನು ಸೀಳಿ ಮಾಂಸಖಂಡಗಳ ರಚನೆಯನ್ನು ಕಲಿತವನು. 1501ರಿಂದ 1504ರ ವರೆಗೆ ದುಡಿದು ಅಮೃತಶಿಲೆಯಲ್ಲಿ ದಾವೀದನನ್ನು ಕಡೆದವನು. ವ್ಯಾಯಾಮಾಚಾರ್ಯನಿಗೆ ಇಂಥ ಕಲಾವಿದನು ಸಗೋತ್ರನಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಕಥೆಯ ತೀರ್ಪಿನಲ್ಲಿ. ರೂಪವನ್ನು ಸಾಧನೆಯಿಂದ ಪಡೆದು ಉಳಿಸಿಕೊಳ್ಳಬಹುದೆಂದು ಜೀವಮಾನವೆಲ್ಲ ಬೋಧಿಸಿದವರು, ರೂಪವು ನಡತೆಯಿಂದ ಹೇಗೆ ಹಾಳಾಗುತ್ತದೆಂಬುದನ್ನು ಕಥೆಯ ವಸ್ತುವನ್ನಾಗಿ ಆರಿಸಿಕೊಂಡರು. ದೇವರು ಕೊಟ್ಟ ಮುಖವೇ ಪಾಪದ ಲಿಪಿಯನ್ನು ಹೊರುತ್ತದೆ. ಅದನ್ನು ಅಳಿಸುವ ಆಸನವಾಗಲಿ ದಂಡೆಯಾಗಲಿ ಇಲ್ಲ. ಶಾಲೆಯಲ್ಲಿ ಶಿಷ್ಯರೆದುರು ಎತ್ತಲಾಗದ ಪ್ರಶ್ನೆಯನ್ನು ಅಯ್ಯರವರು ಹಾಳೆಯ ಮೇಲೆ ತಮಗೆ ತಾವೇ ಕೇಳಿಕೊಂಡಿದ್ದಾರೆ. ಅವರು ಬರಿಯ ಬೋಧಕರಾಗಿ ಉಳಿಯದೆ ಸಾಹಿತಿಗಳಾದುದು ಇಲ್ಲಿ.

‘ಶಾಂತಲಾ’ದಲ್ಲಿ ಇದೇ ಚಿಂತನೆಯು ನಮ್ಮ ನಾಡಿನ ಮಣ್ಣಿಗೆ ಇಳಿದಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳೇ ಹೊಗಳುತ್ತವೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಸವತಿಯರೆಂಬ ಆನೆಗಳಿಗೆ ಮದಗಜ ಎಂಬ ಅರ್ಥದ ಬಿರುದನ್ನು ಹೊತ್ತ ರಾಣಿಯನ್ನು, ಗೆಳತಿ ಲಕ್ಷ್ಮಿಯನ್ನು ಸವತಿಯನ್ನಾಗಿ ಒಪ್ಪಿ ಆಕೆಯ ಸುಖಕ್ಕಾಗಿ ತನ್ನದನ್ನು ಬಿಟ್ಟುಕೊಡುವ ತ್ಯಾಗಮೂರ್ತಿಯನ್ನಾಗಿ ಅಯ್ಯರವರು ಚಿತ್ರಿಸಿದ್ದಾರೆ. ಚರಿತ್ರೆಯನ್ನು ಬಲ್ಲವರು ಇಲ್ಲಿ ಹುಬ್ಬೇರಿಸುವುದು ಸಹಜ. ಶಿಲೆಯಲ್ಲಿ ಕೆತ್ತಿಸಿಕೊಂಡ ಗರ್ವವನ್ನು ಕಾದಂಬರಿಯು ತೊಳೆದುಹಾಕಿದೆ. ಆದರೆ 1131ರಲ್ಲಿ ಶಿವಗಂಗೆಯಲ್ಲಿ ಆಕೆಯ ದೇಹ ಬಿದ್ದುದು ಶಾಸನೋಕ್ತವಾದ ಸಂಗತಿ. ಕುಣಿತದಿಂದ ಹದಗೊಂಡ ದೇಹವನ್ನು ತಾನಾಗಿ ತೊರೆಯುವ ರಾಣಿಯ ಕಡೆಗೆ ದೇಹದ ಆರಾಧಕರಾದ ಲೇಖಕರು ಏಕೆ ತಿರುಗಿದರೆಂಬುದು ‘ರೂಪದರ್ಶಿ’ಯನ್ನು ಓದಿದವರಿಗೆ ಹೊಳೆಯದೆ ಇರದು.

ದೋಷಗಳನ್ನೂ ಹೇಳಬೇಕು. ಭಾವದ ಘಟ್ಟಗಳಲ್ಲಿ ಅಯ್ಯರವರ ಲೇಖನಿ ಸಂಯಮವನ್ನು ಮರೆಯುತ್ತದೆ. ಒಂದು ಕಣ್ಣೀರು ಸಾಕಾಗುವೆಡೆ ಹೊಳೆಯೇ ಹರಿಯುತ್ತದೆ. ಫ್ಲಾರೆನ್ಸಿನ ಬೀದಿಯ ಜನರೂ ಹಳೆಯ ಮೈಸೂರಿನ ಶಿಷ್ಟಗೃಹಗಳ ನುಡಿಯನ್ನೇ ಆಡುತ್ತಾರೆ. ಧಾರವಾಡ ಸೀಮೆಯ ಗಡುಸು ಮಾತಿಗೆ ಒಗ್ಗಿದ ಕಿವಿಗೆ ಅದು ತುಸು ಸಪ್ಪೆಯಾಗಿ ಕೇಳಿಸೀತು. ಒಳ್ಳೆಯವರು ತೀರ ಒಳ್ಳೆಯವರಾಗಿರುವುದರಿಂದ ಅವರ ಮನಸ್ಸಿನ ಹೊಯ್ದಾಟವು ನಮಗೆ ಸಾಕಷ್ಟು ಕಾಣದು. ಮಾಂಸಖಂಡಗಳಲ್ಲಿ ಒಂದನ್ನು ಮಾತ್ರ ಬೆಳೆಸಿ ಉಳಿದವನ್ನು ಬಿಡುವುದು ಸಲ್ಲದೆಂದು ಶಿಷ್ಯರನ್ನು ತಿದ್ದುತ್ತಿದ್ದ ಆಚಾರ್ಯರಿಂದ ಸಮತೋಲದ ಬರಹವನ್ನು ನಿರೀಕ್ಷಿಸುವುದು ಅನ್ಯಾಯವಾಗದು.

ಹೀಗಿದ್ದರೂ ಈ ಹವ್ಯಾಸಿಯ ಕೃತಿಗಳು ಇಂದಿಗೂ ಪ್ರಯೋಜಕವಾಗಿವೆ. ಈಜು, ಸೈಕಲ್ ಸವಾರಿ, ಓಟಗಳನ್ನು ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಟ್ರಯಥ್ಲಾನ್ ಎಂಬ ಸ್ಪರ್ಧೆಯು 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕೂಟವನ್ನು ಸೇರಿತು. 1.5 ಕಿಲೋಮೀಟರ್ ಈಜಿ, 40 ಕಿಲೋಮೀಟರ್ ತುಳಿದು, 10 ಕಿಲೋಮೀಟರ್ ಓಡುವುದು ಅಲ್ಲಿಯ ಕ್ರಮ. ನೌಕರಿಯ ನಡುವೆ ಇಂಥ ಸಾಧನೆಗೆ ತೊಡಗಿದ ತರುಣರೂ ತರುಣಿಯರೂ ನಮ್ಮಲ್ಲಿ ಇದ್ದಾರೆ. ದಿನದಿನದ ಅನುಭವವನ್ನು ಬರೆದಿಡುವ ಒಲವು ಅವರಲ್ಲಿ ಅನೇಕರಿಗೆ ಇದೆ. ಕ್ರಮಿಸಿದ ದೂರ, ಹಿಡಿದ ಹೊತ್ತು, ಉಂಡ ಆಹಾರಗಳ ಲೆಕ್ಕವು ಬರೆದವನಿಗೆ ಉಪಯುಕ್ತ. ಓದುವವನಿಗೆ ಬೇಕಾದುದು ಆ ಲೆಕ್ಕಕ್ಕೆ ಸಿಕ್ಕದ ಭಾಗ: ಮೈ ಸೋತ ದಿನ ಮನಸ್ಸು ಏನೆಂದಿತು, ಗೆದ್ದ ದಿನ ಅಹಂಕಾರವು ಎಲ್ಲಿ ಅಡಗಿತ್ತು, ಮನೆಯವರಿಗೆ ಸಲ್ಲಬೇಕಾದ ಹೊತ್ತು ಎಷ್ಟು ಕಳೆಯಿತು.

ಅಯ್ಯರವರು ತಮ್ಮ ಬಲವನ್ನು ಹೊಗಳಿಕೊಂಡ ಪುಟಗಳನ್ನು ಇಂದು ಸಂಶೋಧಕರಷ್ಟೇ ತೆರೆದಾರು. ಆ ಬಲದ ಮಿತಿಯನ್ನು ಕಂಡು ಅವರು ಬರೆದ ಪುಟಗಳನ್ನು ಮನೆಮಂದಿ ಓದುತ್ತಾರೆ. ಸಾಮು ಮಾಡುವ ಮಗನಿಗಾಗಿ ಅಂಜುವ ತಾಯಿತಂದೆಗಳು ‘ರೂಪದರ್ಶಿ’ಯ ಒಂದು ಪ್ರತಿಯನ್ನು ಅವನ ಕೈಗಿತ್ತು ನೋಡಲಿ, ಅವನು ಓದಿ ಮುಗಿಸಿದ ಮೇಲೆ ತಾವೂ ಓದಲಿ.