ಕಣ್ಣು ಪಾಸು, ಕಾಲು ಫೇಲು

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 675 ಎಂದು ಅಚ್ಚಾಗಿತ್ತು. ಅದರ ಸುತ್ತ ಗುಲಾಬಿ ಬಣ್ಣದ ನೀಹಾರಿಕೆ, ಬಳೆ ತೊಟ್ಟ ಶನಿ. ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗನಿಗೆ ಅವನ ಮಾವ ಹುಟ್ಟುಹಬ್ಬಕ್ಕೆ ಕೊಡಿಸಿದ ಟೆಲಿಸ್ಕೋಪ್ ಅದು. ಮೂರನೇ ದಿನವೇ ಅದನ್ನು ತಬ್ಬಿಕೊಂಡು ನಮ್ಮ ತಾರಸಿಗೆ ಬಂದ. "ಅಂಕಲ್, ಇದರಲ್ಲಿ ಏನೂ ಕಾಣಿಸ್ತಿಲ್ಲ. ಕೆಟ್ಟೋಗಿದೆ ಅನ್ಸುತ್ತೆ."

ಕೆಟ್ಟಿರಲಿಲ್ಲ. ಹಾಗಂತ ನೆಟ್ಟಗೂ ಇರಲಿಲ್ಲ. ಮೊದಲ ಟೆಲಿಸ್ಕೋಪ್ ಎಂದು ಬಿಕರಿಯಾಗುವ ಈ ಇಡೀ ಸರಂಜಾಮನ್ನು ಒಮ್ಮೆ ಪರೀಕ್ಷೆಗೆ ಕೂರಿಸಬೇಕು ಅನ್ನಿಸಿದ್ದು ಅವತ್ತೇ. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ಕಣ್ಣು ಪಾಸು, ಕಾಲು ಫೇಲು, ಪೆಟ್ಟಿಗೆಯ ಮೇಲಿನ ಅಂಕಿ ಡಿಬಾರು.

ಅಂಕಿಯಿಂದಲೇ ಶುರುಮಾಡೋಣ. ಮುಂದಿನ ಮಸೂರದ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಸಿಗುತ್ತದೆ. ಇದರ ಮಸೂರದ್ದು 900 ಮಿ.ಮೀ. ಜೊತೆಗೆ ಕೊಟ್ಟದ್ದು 20 ಮತ್ತು 4 ಮಿ.ಮೀ.ನ ಎರಡು ಐಪೀಸು, ಮೂರು ಪಟ್ಟಿನ ಒಂದು ಬಾರ್ಲೋ ಲೆನ್ಸು. 900ನ್ನು 4ರಿಂದ ಭಾಗಿಸಿ 3ರಿಂದ ಗುಣಿಸಿದರೆ 675. ಲೆಕ್ಕ ಸರಿಯೇ. ಆದರೆ ಮಸೂರದ ಅಗಲ ಬರೀ 60 ಮಿ.ಮೀ. ಅಗಲದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ 120ರವರೆಗೆ ಎಳೆಯಬಹುದು, ಅದೂ ಗಾಳಿ ತಿಳಿಯಾಗಿರುವ ರಾತ್ರಿ. ಅಲ್ಲಿಂದಾಚೆ ಹೊಸ ವಿವರ ಒಂದೂ ಹುಟ್ಟುವುದಿಲ್ಲ. ಲೋಟ ಹಾಲಿಗೆ ಬಿಂದಿಗೆ ನೀರು ಹುಯ್ದ ಹಾಗೆ, ಇದ್ದ ಬೆಳಕೇ ಅಗಲಕ್ಕೆ ಹರಡಿ ಮಂಕಾಗುತ್ತದೆ. ಸಾಲದ್ದಕ್ಕೆ ಭೂಮಿಯೂ ತಿರುಗುತ್ತಿದೆಯಲ್ಲ! 675ರಲ್ಲಿ ಹಿಡಿದ ಗ್ರಹ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ನೋಟದಿಂದ ಜಾರಿಹೋಗುತ್ತದೆ. ಹುಡುಗ ಮೂರು ರಾತ್ರಿಯೂ ಇದೇ ಜೋಡಣೆಯಲ್ಲಿ ಹುಡುಕಿದ್ದ. ಪೆಟ್ಟಿಗೆಯೇ ಹೇಳಿದ್ದನ್ನು ನಂಬಿದ್ದು ಅವನ ತಪ್ಪೇ?

ಹಾಗಾದರೆ ಮಸೂರವೇ ಕಳಪೆಯೋ? ಅಲ್ಲ. 1610ರ ಜನವರಿಯಲ್ಲಿ ಗುರುವಿನ ಉಪಗ್ರಹಗಳನ್ನು ಕಂಡ ಗೆಲಿಲಿಯೋ ಬಳಿ ಇದ್ದದ್ದು ಇಪ್ಪತ್ತು ಪಟ್ಟಿನ ಆಸುಪಾಸಿನ ಕೊಳವೆ. ಅದರ ನೋಟ ಎಷ್ಟು ಇಕ್ಕಟ್ಟೆಂದರೆ ಇಡೀ ಚಂದ್ರ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಶನಿಯ ಬಳೆ ಅವರಿಗೆ ಅಕ್ಕಪಕ್ಕದ ಎರಡು ಗುಂಡುಗಳಂತೆ ಕಂಡಿತ್ತು. ಅದು ಬಳೆಯೆಂದು ತಿಳಿಯಲು ಕ್ರಿಸ್ಟಿಯಾನ್ ಹೈಗೆನ್ಸ್ ಬರಬೇಕಾಯಿತು. ನಮ್ಮ ಹುಡುಗನ 60 ಮಿ.ಮೀ. ಗಾಜು ಆ ಕೊಳವೆಗಿಂತ ಎಷ್ಟೋ ವಾಸಿ. ಅದಕ್ಕೇ ಕಣ್ಣನ್ನು ಪಾಸು ಮಾಡಿದ್ದು.

ಇನ್ನು ಕಾಲು. ಕೊಳವೆಯನ್ನು ದೂರದ ಬೀದಿದೀಪಕ್ಕೆ ತಿರುಗಿಸಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, ದೀಪದ ಬಿಂಬ ಕುಣಿಯುವುದು ನಿಲ್ಲುವವರೆಗೆ ಎಣಿಸಿ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಸ್ಟ್ಯಾಂಡು ಗಟ್ಟಿ. ನಾನು ಏಳರವರೆಗೆ ಎಣಿಸಿದೆ. ಫೋಕಸ್ ಗುಂಡಿಯನ್ನು ಮುಟ್ಟಿದಾಗಲೆಲ್ಲ ಏಳು ಸೆಕೆಂಡು ಕಾಯಬೇಕೆಂದರೆ ಫೋಕಸ್ ಮಾಡುವುದು ಯಾವಾಗ? ತಗಡನ್ನು ಮಡಚಿದ ಕಾಲು, ಪ್ಲಾಸ್ಟಿಕ್ ಕೀಲು. ಕಾಸು ಉಳಿಸಿದ್ದೆಲ್ಲ ಇಲ್ಲಿಯೇ, ಏಕೆಂದರೆ ಅಂಗಡಿಯಲ್ಲಿ ಯಾರೂ ಕಾಲನ್ನು ನೋಡಿ ಕೊಳ್ಳುವುದಿಲ್ಲ. ನಾವು ಕಾಲುಗಳನ್ನು ಪೂರ್ತಿ ಒಳಕ್ಕೆ ತಳ್ಳಿ ಗಿಡ್ಡ ಮಾಡಿದೆವು. ನಡುವಿನ ತಟ್ಟೆಗೆ ಎರಡು ಇಟ್ಟಿಗೆ ಕಟ್ಟಿ, ನೋಡುವವರು ಸ್ಟೂಲಿನ ಮೇಲೆ ಕೂರಬೇಕೆಂದು ನಿಯಮ ಮಾಡಿದೆವು. ಏಳು ಸೆಕೆಂಡು ಮೂರಕ್ಕಿಳಿಯಿತು.

ಕಾಲಿನ ಮೇಲೆ ಕೂತಿದ್ದ ಮೌಂಟಿನದು ಬೇರೆಯೇ ರಗಳೆ. ಅದು ಈಕ್ವಟೋರಿಯಲ್: ಒಂದು ಅಕ್ಷವನ್ನು ಧ್ರುವನಕ್ಷತ್ರದತ್ತ ನಿಲ್ಲಿಸಿದರೆ ಒಂದೇ ಗುಂಡಿ ತಿರುಗಿಸುತ್ತ ನಕ್ಷತ್ರದ ಬೆನ್ನು ಹಿಡಿಯಬಹುದು. ಜಾಣ ಏರ್ಪಾಡೇ. ಆದರೆ ಕೈಪಿಡಿ ಬರೆದವರು ಮೈಸೂರಿನ ತಾರಸಿ ಕಂಡವರಲ್ಲ. ಲಂಡನ್ನಿನಲ್ಲಿ 51 ಡಿಗ್ರಿ ಎತ್ತರದಲ್ಲಿ ಹೊಳೆಯುವ ಧ್ರುವ ನಮಗೆ 12 ಡಿಗ್ರಿಯಲ್ಲಿ, ದಿಗಂತದ ಮಬ್ಬಿನಲ್ಲಿ, ನಮ್ಮ ಮನೆಯ ಮಟ್ಟಿಗೆ ನೀರಿನ ಟ್ಯಾಂಕಿನ ಹಿಂದೆ. ಅಕ್ಷವನ್ನು ಅಷ್ಟು ಕೆಳಗೆ ಬಾಗಿಸಿದರೆ ಸಮತೂಕದ ಗುಂಡು ಸ್ಟ್ಯಾಂಡಿನ ಕಾಲಿಗೇ ಬಡಿಯುತ್ತದೆ. ಕೊನೆಗೆ ಅಕ್ಷವನ್ನು ನೆಟ್ಟಗೆ ನಿಲ್ಲಿಸಿ, ಎಡಬಲಕ್ಕೆ ಮೇಲೆಕೆಳಗೆ ತಿರುಗುವ ಸಾದಾ ಸ್ಟ್ಯಾಂಡಿನಂತೆ ಬಳಸಿದೆವು. ಕರ್ನಾಟಕದಲ್ಲಿ ಮೊದಲ ಟೆಲಿಸ್ಕೋಪ್ ಕೊಳ್ಳುವವರಿಗೆ ಈ ಸಾದಾ ಮೌಂಟೇ ಸರಿ. ಅದೇ ಕೈಪಿಡಿಯ ಪಟ್ಟಿಯಲ್ಲಿ ಒಮೇಗಾ ಸೆಂಟಾರಿಯ ಸುಳಿವಿಲ್ಲ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ನಮಗಾದರೋ ಏಪ್ರಿಲ್–ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ 30 ಡಿಗ್ರಿ ಎತ್ತರದಲ್ಲಿ, ಚೆಲ್ಲಿದ ರಂಗೋಲಿಪುಡಿಯ ಹಾಗೆ ಕಾಣುವ ನಕ್ಷತ್ರಗುಚ್ಛ. ಕಷ್ಟ ಬರೆದ ಕೈಪಿಡಿ ನಮ್ಮ ಭಾಗ್ಯವನ್ನು ಬರೆಯಲಿಲ್ಲ.

ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಫೈಂಡರ್ ಹೊಂದಿಸುವುದು. ಕೊಳವೆಯ ಬೆನ್ನ ಮೇಲಿನ ಈ ಪುಟ್ಟ ದುರ್ಬೀನು ಮತ್ತು ಕೊಳವೆ ಎರಡೂ ಒಂದೇ ಕಡೆ ನೋಡಬೇಕು. ಇದು ಕತ್ತಲಲ್ಲಿ ಮಾಡುವ ಕೆಲಸವಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಬಿಸಿಲಿಗೆ ಬೆನ್ನು ಹಾಕಿ, ಚಾಮುಂಡಿ ಬೆಟ್ಟದ ಗೋಪುರದ ತುದಿಯನ್ನು 20 ಮಿ.ಮೀ. ಐಪೀಸಿನ ನಡುವಿಗೆ ತಂದೆವು. ಆಮೇಲೆ ಫೈಂಡರಿನ ತಿರುಪುಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಅದರ ಗೆರೆಗಳು ಕೂಡುವ ಜಾಗಕ್ಕೆ ಅದೇ ತುದಿ ಬರುವಂತೆ ಮಾಡಿದೆವು. ಹತ್ತು ನಿಮಿಷ ಹಿಡಿಯಿತು. ಹುಡುಗನ ಮೂರು ರಾತ್ರಿ ಹಾಳಾಗಿದ್ದರಲ್ಲಿ ಈ ಹತ್ತು ನಿಮಿಷದ ಪಾಲು ದೊಡ್ಡದು.

ಪೆಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ವಸ್ತುವಿತ್ತು: ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು, ಸೂರ್ಯನನ್ನು ನೋಡಲಿಕ್ಕಂತೆ. ಮಸೂರ ಬಿಸಿಲನ್ನೆಲ್ಲ ಕೂಡಿಸಿ ಸುರಿಯುವ ಜಾಗದಲ್ಲೇ ಆ ಗಾಜು ಕೂರುತ್ತದೆ. ಕಾದು ಸೀಳಿದರೆ ಕಣ್ಣು ಹೋದಂತೆಯೇ. ಸೂರ್ಯನನ್ನು ನೋಡುವುದಿದ್ದರೆ ಸರಿಯಾದ ಫಿಲ್ಟರು ಕೊಳವೆಯ ಮುಂಬಾಯಿಗೇ ಇರಬೇಕು. ಬೇರೆಲ್ಲ ಕೊರತೆಗಳಿಗೆ ಅಂಕ ಕಳೆಯಬಹುದು, ಮಕ್ಕಳ ಕೈಗೆ ಇದನ್ನಿಡುವುದಕ್ಕೆ ಕ್ಷಮೆಯಿಲ್ಲ. ಹುಡುಗನೆದುರೇ ಸುತ್ತಿಗೆಯಿಂದ ಕುಟ್ಟಿ ಎಸೆದೆ.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ಉತ್ತರ ಕೊಟ್ಟವರು ಜಾನ್ ಡಾಬ್ಸನ್, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದವರು. ಕೈಯಲ್ಲಿ ಕಾಸಿರಲಿಲ್ಲ. ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಪ್ಲೈವುಡ್ ಪೆಟ್ಟಿಗೆಯ ಮೇಲೆ ಫಿರಂಗಿಯ ಹಾಗೆ ತಿರುಗುವಂತೆ ಇಟ್ಟರು. ಈ ಹುಚ್ಚಿಗಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಗೆಳೆಯರೊಂದಿಗೆ ಸಂಘ ಕಟ್ಟಿ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸತೊಡಗಿದರು. ಅವರ ಹೆಸರಿನ ಡಾಬ್ಸೋನಿಯನ್ನಿನ ಹೆಚ್ಚುಗಾರಿಕೆ ಕನ್ನಡಿಯಲ್ಲಿಲ್ಲ, ಕನ್ನಡಿಯನ್ನು ನ್ಯೂಟನ್ 1668ರಲ್ಲೇ ಬಳಸಿದ್ದರು. ಹೆಚ್ಚುಗಾರಿಕೆ ಇರುವುದು ಕಾಲಿನಲ್ಲಿ: ಕಾಲೇ ಇಲ್ಲದಿರುವುದರಲ್ಲಿ. ನೆಲಕ್ಕೆ ಕೂತ ಪೆಟ್ಟಿಗೆ ಅಲುಗುವುದೆಲ್ಲಿ?

ಅದಕ್ಕೂ ನೂರಕ್ಕೆ ನೂರು ಕೊಡಲಾರೆ. 150 ಮಿ.ಮೀ. ಕನ್ನಡಿಯದು ನಮ್ಮ ಹುಡುಗನದಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕು ಕೂಡಿಸುತ್ತದೆ, ನಿಜ. ಆದರೆ ಹದಿನೈದು ಕೆ.ಜಿ.ಯ ಆಸುಪಾಸಿನ ಈ ಭಾರವನ್ನು ಮೂರು ಮಹಡಿ ಹತ್ತಿಸುವವರು ಯಾರು? ಕನ್ನಡಿಗಳನ್ನು ಆಗಾಗ ಸರಿಸಾಲಿಗೆ ತರಬೇಕು. ಬೆಲೆಯೂ ಹಲವು ಪಟ್ಟು. ಮೇಜಿನ ಮೇಲಿಡುವ ಚಿಕ್ಕ ಡಾಬ್ಸೋನಿಯನ್ ಹಗುರ, ಆದರೆ ಗಟ್ಟಿ ಮೇಜು ಬೇಕು. ಕೈ ಬಿಗಿಯಿದ್ದರೆ 10×50 ದುರ್ಬೀನೂ ಆದೀತು: ಕೃತ್ತಿಕೆ ಅದರಲ್ಲೇ ಚೆಂದ, ಶನಿಯ ಬಳೆ ಮಾತ್ರ ಕಾಣದು. ಮೊದಲ ಟೆಲಿಸ್ಕೋಪಿಗೆ ನನ್ನ ಅಳತೆಗೋಲು ಒಂದೇ: ವರ್ಷದಲ್ಲಿ ಎಷ್ಟು ರಾತ್ರಿ ಅದು ಮನೆಯಿಂದ ಹೊರಗೆ ಬಂತು? ಮಳೆಗಾಲದ ನಾಲ್ಕು ತಿಂಗಳು ಹೇಗೂ ಖೋತಾ, ಆಗ ಅದು ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಜೊತೆ ಮಲಗಿರುತ್ತದೆ. ಉಳಿದ ತಿಂಗಳಲ್ಲೂ ಅಟ್ಟದ ಮೇಲೇ ಇದ್ದರೆ ಎಷ್ಟು ಒಳ್ಳೆಯ ಗಾಜಿದ್ದರೇನು?

ಕಾರ್ತಿಕದ ಶುಕ್ಲ ಅಷ್ಟಮಿಯ ರಾತ್ರಿ ಮರುಪರೀಕ್ಷೆ. ಹುಣ್ಣಿಮೆಯನ್ನು ಬೇಕೆಂದೇ ಬಿಟ್ಟಿದ್ದೆವು. ಪೂರ್ಣಚಂದ್ರ ನೆರಳಿಲ್ಲದ ಬಿಳಿ ತಟ್ಟೆ, ಅಷ್ಟಮಿಯಲ್ಲಾದರೆ ಬೆಳಕು–ಕತ್ತಲಿನ ಗಡಿಯಲ್ಲಿ ಒಂದೊಂದು ಕುಳಿಯೂ ನೆರಳು ಚಾಚಿ ಎದ್ದು ಕಾಣುತ್ತದೆ. ಹಗಲಿಡೀ ಕಾದ ತಾರಸಿ ತಣಿಯಲೆಂದು ಎಂಟರವರೆಗೆ ಕಾದೆವು. ಐಪೀಸು 20 ಮಿ.ಮೀ.ನದು, ಅಂದರೆ 45 ಪಟ್ಟು. ಚಂದ್ರ ಇಡಿಯಾಗಿ ಸಿಕ್ಕ. ಹುಡುಗ ಒಂದು ಮಾತೂ ಆಡದೆ ಐದು ನಿಮಿಷ ಸ್ಟೂಲು ಬಿಡಲಿಲ್ಲ. ಆಮೇಲೆ ಶನಿ: ಅಕ್ಕಿಕಾಳಿಗಿಂತ ಚಿಕ್ಕದು, ಬಣ್ಣ ಮಾಸಿದ ಹಳದಿ, ಪೆಟ್ಟಿಗೆಯ ಚಿತ್ರದ ಹತ್ತಿರಕ್ಕೂ ಬಾರದು. ಆದರೆ ಬಳೆ ಇತ್ತು, ಅಲುಗದೆ.

ಹುಡುಗನ ಅಜ್ಜಿಯನ್ನೂ ಕರೆದೆವು. "ಅವನನ್ನ ನಾನ್ಯಾಕಪ್ಪ ಹುಡುಕ್ಕೊಂಡು ಹೋಗ್ಲಿ? ಅವನೇ ಬಂದು ಏಳೂವರೆ ವರ್ಷ ಕೂತಿದ್ದನಲ್ಲ," ಎಂದು ಗೊಣಗುತ್ತಲೇ ಕನ್ನಡಕ ತೆಗೆದು ಬಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ಪುಟ್ಟವನೇ?" ಎಂದರು. ಮತ್ತೆ ಬಗ್ಗುವಷ್ಟರಲ್ಲಿ ಶನಿ ಅಂಚಿಗೆ ಸರಿದಿದ್ದ. ಹುಡುಗ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಅವನನ್ನು ನಡುವಿಗೆ ತಂದು, ಕೈ ತೆಗೆದು, ಗಟ್ಟಿಯಾಗಿ ಎಣಿಸಿದ: "ಒಂದು, ಎರಡು, ಮೂರು. ಈಗ ನೋಡಿ ಅಜ್ಜಿ."