ದುರ್ಗವೂ ಒಡಂಬಡಿಕೆಯೂ: ಹೀಬ್ರೂ ಕೀರ್ತನೆಗಳಲ್ಲಿ ದೈವರಕ್ಷಣೆಯ ಕಲ್ಪನೆ

ಹೀಬ್ರೂ ಧರ್ಮಗ್ರಂಥದ ಕೀರ್ತನಕಾರರು ದೇವರನ್ನು ಬಂಡೆಯೆಂದೂ ಕೋಟೆಯೆಂದೂ ಮತ್ತೆ ಮತ್ತೆ ಕರೆದಿದ್ದಾರೆ. 18, 31, 71, 91ನೆಯ ಕೀರ್ತನೆಗಳು ಇದಕ್ಕೆ ನಿದರ್ಶನ. ಇದರಿಂದ ಇಸ್ರಾಯೇಲ್ಯರ ದೇವರು ತನ್ನವರನ್ನು ಮಾತ್ರ ಒಳಗಿಟ್ಟುಕೊಂಡು ಕಾಯುವ ಗೋಡೆಯಂಥವನೆಂದು ತೀರ್ಮಾನಿಸುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ದುರ್ಗವೆಂದರೇನೆಂಬುದನ್ನು ಅರಿಯಲು ನಾವು ದೂರ ಹೋಗಬೇಕಾದುದಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳುದುರ್ಗವು ಕಡಿದಾದ ಒಂಟಿ ಬೆಟ್ಟ. ಕೆಳಗಿನಿಂದ ನೋಡುವವನಿಗೆ ಅಭೇದ್ಯವಾದ ಆಶ್ರಯದಂತೆ ತೋರುವ ಈ ಗಿರಿ ನಮ್ಮ ನಾಡಿನ ಇತಿಹಾಸದಲ್ಲಿ ಸೆರೆಮನೆಯೆಂದು ಹೆಸರಾಯಿತು. 1732ರಲ್ಲಿ ಮೈಸೂರಿನ ಪಟ್ಟವೇರಿದ ಚಾಮರಾಜ ಒಡೆಯರನ್ನು 1734ರಲ್ಲಿ ದಳವಾಯಿಗಳು ಪದಚ್ಯುತಗೊಳಿಸಿ ಇಲ್ಲಿಗೆ ಕಳುಹಿಸಿದರು. ಅರಸರು ಇಲ್ಲಿಯೇ ಮಡಿದರು. ಹೊರಗಿನವರನ್ನು ತಡೆಯುವ ಬಂಡೆಯೇ ಒಳಗಿನವನನ್ನೂ ಬಿಡದು. ಕಲ್ಲಿಗೆ ಪಕ್ಷವಿಲ್ಲ, ಅದು ಬೀಗದ ಕೈಯುಳ್ಳವನ ಸೊತ್ತು.

ಈ ಸತ್ಯವನ್ನು ಹೀಬ್ರೂ ಗ್ರಂಥವೂ ಬಲ್ಲುದು. 18ನೆಯ ಕೀರ್ತನೆಯ ಶಿರೋಲೇಖವು ಅದನ್ನು ಸೌಲನ ಕೈಯಿಂದ ಪಾರಾದ ದಾವೀದನಿಗೆ ಆರೋಪಿಸುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿ ಅದೇ ದಾವೀದನು ಕೆಯೀಲಾ ಎಂಬ ಪಟ್ಟಣವನ್ನು ಶತ್ರುಗಳಿಂದ ಬಿಡಿಸಿ ಅಲ್ಲಿ ನೆಲೆಸುತ್ತಾನೆ. ಬಾಗಿಲು ಅಗುಳಿಗಳುಳ್ಳ ಊರನ್ನು ಹೊಕ್ಕು ಅವನು ತಾನಾಗಿಯೇ ಸೆರೆಯಾದನೆಂದು ಸೌಲನು ಹಿಗ್ಗುತ್ತಾನೆ. ಉಪಕೃತರಾದ ಊರವರೇ ತನ್ನನ್ನು ಒಪ್ಪಿಸಿಬಿಡುವರೆಂದು ತಿಳಿದ ದಾವೀದನು ಕೋಟೆಯನ್ನು ತೊರೆದು ಬಯಲಿಗೆ ಹೊರಡುತ್ತಾನೆ. ಇಂಥವನ ಹೆಸರಿನಲ್ಲಿ ದೇವರನ್ನು ದುರ್ಗವೆಂದು ಕರೆದಿರುವಾಗ ಅದು ಕಲ್ಲಿನ ಸ್ತುತಿಯಲ್ಲ, ಕಲ್ಲು ಕೊಡಲಾರದುದರ ಹಂಬಲವೆಂದು ನಾವು ತಿಳಿಯಬೇಕು.

ಹಾಗಾದರೆ ಆ ರಕ್ಷಣೆಯ ಆಧಾರವೇನು? ಗ್ರಂಥವು ಅದನ್ನು ‘ಹೆಸೆದ್’ ಎಂಬ ಪದದಿಂದ ಸೂಚಿಸುತ್ತದೆ. 136ನೆಯ ಕೀರ್ತನೆಯ 26 ವಚನಗಳಲ್ಲಿಯೂ ಈ ಪದವು ಪಲ್ಲವಿಯಾಗಿ ಬಂದಿದೆ. ಕನ್ನಡ ಅನುವಾದಗಳಲ್ಲಿ ಇದಕ್ಕೆ ಕೃಪೆ, ಕರುಣೆ ಎಂಬ ಮಾತುಗಳು ಬಳಕೆಯಾಗಿವೆ. ಇವು ಸುಂದರವಾದ ಮಾತುಗಳೇ. ಆದರೆ ಕೃಪೆಯು ಮೇಲಿನವನು ಕೆಳಗಿನವನಿಗೆ ಇಷ್ಟಬಂದಾಗ ತೋರುವುದು. ಹೆಸೆದ್ ಕೊಟ್ಟ ಮಾತಿಗೆ ಕಟ್ಟುಬಿದ್ದ ಪ್ರೀತಿ. ರೂತಳು ವಿಧವೆಯಾದ ಅತ್ತೆಯನ್ನು ಬಿಡದೆ ನಡೆದುಬಂದ ನಿಷ್ಠೆಗೂ ಇದೇ ಹೆಸರು ಸಂದಿದೆ. ಒಡಂಬಡಿಕೆ ಎಂಬ ನಮ್ಮ ಅಚ್ಚಗನ್ನಡ ಮಾತನ್ನು ಅದರ ಪಕ್ಕದಲ್ಲಿಟ್ಟಾಗಲೇ ಅರ್ಥವು ತುಂಬುತ್ತದೆ.

ಒಡಂಬಡಿಕೆಯು ಇಬ್ಬರನ್ನೂ ಬಂಧಿಸುವುದರಿಂದ ಪ್ರೀತಿಯೇ ವಿಚಾರಣೆಗೂ ಕಾರಣವಾಗುತ್ತದೆ. ದೇವರಿಗೆ ಹತ್ತಿರದವರಾದುದರಿಂದಲೇ ದಂಡನೆಯು ತಪ್ಪದೆಂದು ಆಮೋಸನು ಸಾರಿದನು. ಇತರ ಜನಾಂಗಗಳನ್ನೂ ಅವರವರ ನಾಡಿಗೆ ನಡೆಸಿದವನು ಅದೇ ದೇವರೆಂದೂ ನೆನಪಿಸಿದನು. ಕ್ರಿ. ಪೂ. 701ರಲ್ಲಿ ಅಸ್ಸೀರಿಯದ ಸೆನ್ನಾಚೆರಿಬನ ಮುತ್ತಿಗೆಯಿಂದ ಜೆರುಸಲೇಮು ಉಳಿಯಿತು. ದೇವಾಲಯವಿರುವ ಊರು ಬೀಳದೆಂಬ ನಂಬಿಕೆ ಬೆಳೆಯಿತು. ಅದು ಹುಸಿ ಭರವಸೆಯೆಂದು ಯೆರೆಮೀಯನು ಎಚ್ಚರಿಸಿದನು, ಕ್ರಿ. ಪೂ. 586ರ ಸುಮಾರಿನಲ್ಲಿ ಬಾಬಿಲೋನಿನವರು ಊರನ್ನೂ ದೇವಾಲಯವನ್ನೂ ಸುಟ್ಟರು. ಗೋಡೆ ಬಿದ್ದ ಮೇಲೆಯೂ ಸಂಬಂಧವು ಸೆರೆನಾಡಿನಲ್ಲಿ ಮುಂದುವರಿದುದೇ ನಮ್ಮ ವಾದಕ್ಕೆ ದೊಡ್ಡ ಸಾಕ್ಷಿ.

ಆದರೂ ಎರಡು ತೊಡಕುಗಳನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. 18ನೆಯ ಕೀರ್ತನೆಯ ಉತ್ತರಾರ್ಧದಲ್ಲಿ ಶತ್ರುನಾಶದ ಹಿಗ್ಗು ಇದೆ. ಆ ಮಟ್ಟಿಗೆ ಆಕ್ಷೇಪವು ನಿಲ್ಲುತ್ತದೆ. 44ನೆಯ ಕೀರ್ತನೆಯು ಇನ್ನೂ ಕಠಿನವಾದುದು. ಒಡಂಬಡಿಕೆಯನ್ನು ತಾವು ಮುರಿಯದಿದ್ದರೂ ಕಷ್ಟವೇಕೆಂದು ಜನರು ಅಲ್ಲಿ ದೇವರನ್ನೇ ಪ್ರಶ್ನಿಸುತ್ತಾರೆ, ಉತ್ತರವು ಬರುವುದಿಲ್ಲ. ಆ ಪ್ರಶ್ನೆಯನ್ನು ಅಳಿಸದೆ ಆರಾಧನೆಯ ಪುಸ್ತಕದಲ್ಲಿಯೇ ಉಳಿಸಿಕೊಂಡುದು ಗಮನಾರ್ಹ. ಗೋಡೆಯೊಡನೆ ಯಾರೂ ವಾದಿಸುವುದಿಲ್ಲ. ಮಾತು ಕೊಟ್ಟವನೊಡನೆ ವಾದಿಸಬಹುದು.

ಕಬ್ಬಾಳು ಬೆಟ್ಟದ ತಪ್ಪಲಿನಲ್ಲಿ ಕಬ್ಬಾಳಮ್ಮನ ಗುಡಿಯಿದೆ. ಹರಕೆ ಹೊತ್ತ ಭಕ್ತರು ಇಂದಿಗೂ ಅಲ್ಲಿಗೆ ಬರುತ್ತಾರೆ. ಎರಡು ಸಂಪ್ರದಾಯಗಳೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಜನರು ಕಾಯೆಂದು ಕೈಮುಗಿಯುವುದು ಪಾಳುಬಿದ್ದ ಕೋಟೆಗಲ್ಲ, ತಮ್ಮ ಮಾತನ್ನು ಕೇಳುವಳೆಂದು ನಂಬಿದ ತಾಯಿಗೆ. ಕೀರ್ತನೆಗಳ ದುರ್ಗವನ್ನು ಓದುವ ನಮ್ಮ ವಿದ್ಯಾರ್ಥಿಗಳು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ರೂಪಕವನ್ನೇ ವಸ್ತುವೆಂದು ಭ್ರಮಿಸುವ ದೋಷದಿಂದ ಪಾರಾಗುವರು.